ಅಲ್ಮೀನಿ ಲೋಟವೂ ಜಾವಾ ಇಂಜಿನ್ನೂ



ಈ ದೇಶದಲ್ಲಿ ಲೋಹಗಳಿಗೂ ಜಾತಿ ಇದೆ. ಚಿನ್ನ ಗರ್ಭಗುಡಿಯೊಳಗೆ. ಬೆಳ್ಳಿ, ತಾಮ್ರ, ಹಿತ್ತಾಳೆ ದೇವರ ಮನೆಯಲ್ಲಿ, ನಡುಮನೆಯಲ್ಲಿ. ಆಮೇಲೆ ಬಂದ ಸ್ಟೀಲು ಮದುವೆಯ ಮುಯ್ಯಿಗೆ ಸೇರಿಕೊಂಡು ಅದೂ ಒಳಮನೆ ಸೇರಿತು. ಅಲ್ಯೂಮಿನಿಯಂ ಮಾತ್ರ ಬಡವರ ಒಲೆ ಮೇಲೇ ಉಳಿಯಿತು. ನಮ್ಮ ಕಡೆ ಅದನ್ನು ಅಲ್ಮೀನಿ ಅಂತಾರೆ. ನಮ್ಮ ಕೇರಿಯಲ್ಲಿ ಇಟ್ಟು ತಿರುವೋ ತಪ್ಪಲೆ ಅಲ್ಮೀನಿ. ಸಾರು ಕಾಸೋ ಪಾತ್ರೆ ಅಲ್ಮೀನಿ. ಕೂಲಿಗೆ ಹೋಗುವಾಗ ಬುತ್ತಿ ಕಟ್ಟೋ ಡಬ್ಬಿ ಅಲ್ಮೀನಿ. ಹೋಟಲಿನ ಹಿಂದಿನ ಸೂರಿಗೆ ಸಿಕ್ಕಿಸಿಟ್ಟಿದ್ದ ಲೋಟವೂ ಅಲ್ಮೀನಿ.

ಆ ಲೋಟದ ಕಥೆಯನ್ನು ಈ ಪುಟಗಳನ್ನು ಓದುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಳಗೆ ಕೂತವರಿಗೆ ಗಾಜಿನ ಲೋಟ. ಹೊರಗೆ ನಿಂತವರಿಗೆ ನಗ್ಗಿ ಹೋದ ಅಲ್ಮೀನಿ ಲೋಟ, ಇಲ್ಲವೇ ತೆಂಗಿನ ಚಿಪ್ಪು. ಕುಡಿದವನೇ ತೊಳೆದು, ತೆಗೆದ ಜಾಗದಲ್ಲೇ ಸಿಕ್ಕಿಸಿ ಹೋಗಬೇಕು. ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗಲೇ ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಹೋಟಲಿನ ಪಾತ್ರೆ ಪರಟಿ ಬಳಸಲು ಬಿಡದಿರುವುದೂ ಅಪರಾಧ ಅಂತ 1955ರ ಕಾಯಿದೆ ಹೇಳಿತು. ಕಾಯಿದೆ ಬಂದು ಎಷ್ಟೋ ವರ್ಷ ಕಳೆದರೂ ನಮ್ಮ ತಾತಂದಿರ ಲೋಟ ಸೂರಿನಿಂದ ಕೆಳಗೆ ಇಳಿಯಲಿಲ್ಲ.

ಅದೇ ಕಾಲಕ್ಕೆ ಅದೇ ಅಲ್ಮೀನಿ ಇನ್ನೊಂದು ವೇಷದಲ್ಲಿ ಊರೊಳಗೆ ಬಂತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿ, 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಮೋಟಾರು ಸೈಕಲ್ಲು ನಮ್ಮ ನೆಲದಲ್ಲೇ ತಯಾರಾಗತೊಡಗಿತು. ಮುಂದೆ ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಎರಡು ಸ್ಟ್ರೋಕಿನ 250 ಸಿಸಿ ಇಂಜಿನ್ನು. ಸಿಲಿಂಡರು ಒಂದೇ, ಹೊಗೆ ಕೊಳವೆ ಎರಡು. ಗೇರು ಹಾಕೋ ಪೆಡಲನ್ನೇ ಮೇಲಕ್ಕೆ ತಿರುಗಿಸಿ ಒದ್ದರೆ ಗಾಡಿ ಸ್ಟಾರ್ಟು. ಇಂಜಿನ್ನಿನ ಎಡಕ್ಕೂ ಬಲಕ್ಕೂ ಮೊಟ್ಟೆಯಂತೆ ಉಬ್ಬಿದ ಎರಡು ಕವರುಗಳು. ಅವು ಅಲ್ಮೀನಿ ಎರಕದವು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಯವರು, ಕಬ್ಬಿನ ಕಾಸು ಕಂಡವರು, ಕಂಟ್ರಾಕ್ಟುದಾರರು ಆ ಗಾಡಿ ಕೊಂಡರು. ದೂರದಿಂದ ಅದರ ಸದ್ದು ಕೇಳಿಸಿದರೆ ನಮ್ಮವರು ದಾರಿ ಬಿಟ್ಟು ಬೇಲಿ ಮಗ್ಗುಲಿಗೆ ನಿಲ್ಲುತ್ತಿದ್ದರಂತೆ. ಗಾಡಿ ಒರೆಸೋ ಕೆಲಸ ಜೀತದ ಹುಡುಗರದು. ಜೀತ ತೆಗೆದುಹಾಕುವ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೂ ಮುಂಚೆ ಆ ಇಂಜಿನ್ ಕವರುಗಳ ಹೊಳಪು ಕಾಯ್ದದ್ದು ಆ ಹುಡುಗರ ಅಂಗೈ. ಲೋಟ ಮುಟ್ಟಿದರೆ ಮೈಲಿಗೆಯಾಗುತ್ತಿದ್ದ ಕೈ, ಗಾಡಿ ಒರೆಸುವಾಗ ಹೇಗೆ ಮಡಿಯಾಯಿತು? ಈ ಪ್ರಶ್ನೆಗೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ಕೆಲಸ ಆಗಬೇಕಾದ ಕಡೆ ಮೈಲಿಗೆ ಸುಮ್ಮನೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಬಂದು ಕೂತುಕೊಳ್ಳುತ್ತದೆ.

ಇವತ್ತು ಅದೇ ಕವರುಗಳು ನಮ್ಮ ಮನೆ ಬಾಗಿಲಿಗೆ ಬರುತ್ತವೆ. ನಮ್ಮದು ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಗೆಜ್ಜಲಗೆರೆ. ಹಾಲಿನ ಡೇರಿ, ಕೈಗಾರಿಕಾ ಪ್ರದೇಶ, ಗಾರ್ಮೆಂಟ್ಸು ಎಲ್ಲ ಇರುವ ಊರು. ನಾವು ಅಂದರೆ ಅಣ್ಣತಮ್ಮಂದಿರಿಬ್ಬರು, ಅತ್ತಿಗೆ, ಅವ್ವ, ಎದುರು ಮನೆ ಚಿಕ್ಕಪ್ಪನ ಮಗ. 2018ರಲ್ಲಿ ಜಾವಾ ಹೆಸರಿನಲ್ಲೂ 2022ರಲ್ಲಿ ಯೆಜ್ಡಿ ಹೆಸರಿನಲ್ಲೂ ಬೇರೆ ಕಂಪನಿಯ ಹೊಸ ಗಾಡಿಗಳು ಬಂದವು. ಆಮೇಲೆ ಹಳೆಯ ಗಾಡಿಗಳ ಮೇಲೆ ಜನಕ್ಕೆ ಪ್ರೀತಿ ಉಕ್ಕಿತು. ಹಟ್ಟಿ ಮೂಲೆಯಲ್ಲಿ ಕೋಳಿ ಕೂರುತ್ತಿದ್ದ ಗಾಡಿಗಳೆಲ್ಲ ಹೊರಗೆ ಬಂದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ಮೆರವಣಿಗೆ ಮಾಡುತ್ತಾರೆ. ಅದಕ್ಕೆ ಮುಂಚಿನ ಒಂದು ತಿಂಗಳು ನಮಗೆ ಕೈ ತುಂಬ ಕೆಲಸ.

ಕೆಲಸ ಏನು ಅಂತ ಹೇಳುತ್ತೇವೆ. ಹೊಳಪು ನೋಡಿದವರು ಬಹಳ ಮಂದಿ, ಅದು ಹುಟ್ಟೋದನ್ನ ನೋಡಿದವರು ಕಮ್ಮಿ.

ಕವರು ಬಂದಾಗ ಅದರ ಮೇಲೆ ಆಯಿಲು, ಮಣ್ಣು, ಇಪ್ಪತ್ತು ಮೂವತ್ತು ವರ್ಷದ ಕಪ್ಪು. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ನೆನೆಸಿ ಬ್ರಷ್ಷಿನಲ್ಲಿ ತೊಳೆಯಬೇಕು. ಕಾಸ್ಟಿಕ್ ಸೋಡಾ ತೋರಿಸಲೇಬಾರದು. ಅದು ಅಲ್ಮೀನಿಯನ್ನೇ ತಿನ್ನುತ್ತದೆ. ನಮ್ಮ ಹೆಂಗಸರಿಗೆ ಇದು ಮೊದಲೇ ಗೊತ್ತು. ಸೋಡಾ ಹಾಕಿ ಬೇಯಿಸಿದ ತಪ್ಪಲೆ ಕಪ್ಪಾಗುತ್ತದೆ, ಹುಣಸೆಹುಳಿ ಬೆಂದ ತಪ್ಪಲೆ ಬೆಳ್ಳಗಾಗುತ್ತದೆ. ರಸಾಯನ ಶಾಸ್ತ್ರದ ಮೊದಲ ಪಾಠ ನಮ್ಮ ಒಲೆ ಮುಂದೆಯೇ ಆಗಿದೆ.

ತೊಳೆದ ಮೇಲೆ ಗೀರು ತೆಗೆಯುವುದು. ಆಳವಾದ ಗೀರಿದ್ದರೆ 220 ನಂಬರಿನ ಪೇಪರು. ಆಮೇಲೆ 320, 400, 600, 800, 1000, 1500, ಕೊನೆಗೆ 2000. ನಂಬರು ಏರಿದ ಹಾಗೆ ಹರಳು ಸಣ್ಣದಾಗುತ್ತದೆ. 400ರ ಮೇಲೆ ವಾಟರ್ ಪೇಪರು. ಸೋಪಿನ ನೀರಿನಲ್ಲಿ ಅದ್ದಿ ಅದ್ದಿ ಉಜ್ಜುವುದು. ಒಂದು ನಂಬರಿನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ ಉಜ್ಜಬೇಕು. ಆಗ ಹಿಂದಿನ ಗೀರು ಉಳಿದಿದ್ದರೆ ಗೊತ್ತಾಗುತ್ತದೆ. ಅದು ಪೂರ್ತಿ ಹೋಗುವ ತನಕ ಮುಂದಿನ ನಂಬರಿಗೆ ಕೈ ಹಾಕುವ ಹಾಗಿಲ್ಲ. ಎರಕದಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡಿದ್ದರೆ ಉಜ್ಜಿದಷ್ಟೂ ಸೂಜಿಮೊನೆಯಂಥ ತೂತು ಏಳುತ್ತದೆ. ಗ್ಯಾಸ್ಕೆಟ್ ಕೂರುವ ಅಂಚನ್ನು ಮಾತ್ರ ಮುಟ್ಟಬಾರದು. ಅದು ಸವೆದರೆ ಆಯಿಲು ಸೋರುತ್ತದೆ.

ಕೈಕೆಲಸ ಮುಗಿದ ಮೇಲೆ ಮೋಟಾರು. ಮೊದಲು ಹೊಲಿಗೆ ಹಾಕಿದ ಗಟ್ಟಿ ಬಟ್ಟೆಯ ಚಕ್ರಕ್ಕೆ ಕಂದು ಬಣ್ಣದ ಬಫಿಂಗ್ ಸೋಪು ಹಚ್ಚಿ, ಕವರನ್ನು ಚಕ್ರದ ಕೆಳಗಿನ ಅರ್ಧಕ್ಕೆ ಮಾತ್ರ ಹಿಡಿಯಬೇಕು. ಮೇಲಕ್ಕೆ ಕೊಟ್ಟರೆ ಕವರನ್ನು ಕಿತ್ತುಕೊಂಡು ಎದೆಗೆ ಬಡಿಯುತ್ತದೆ. ಆಮೇಲೆ ಸಡಿಲ ಬಟ್ಟೆಯ ಮೆತ್ತನೆ ಚಕ್ರ, ಬಿಳಿ ಸೋಪು. ಕೊನೆಗೆ ಮೈದಾ ಹಿಟ್ಟು ಉದುರಿಸಿ ಹಳೇ ಬನಿಯನ್ನಿನ ಬಟ್ಟೆಯಲ್ಲಿ ಒರೆಸಿದರೆ ಮುಖ ಕಾಣುತ್ತದೆ. ಒಳಮೈಯನ್ನು, ಬೋಲ್ಟಿನ ತೂತುಗಳನ್ನು ಮತ್ತೆ ತೊಳೆದು ಗಾಳಿ ಹೊಡೆಯಬೇಕು. ಒಂದು ಹರಳು ಒಳಗೆ ಉಳಿದರೂ ಇಂಜಿನ್ನು ತಿಂದುಹಾಕುತ್ತದೆ. ಒಂದು ಜೊತೆ ಕವರಿಗೆ ನಮ್ಮ ಲೆಕ್ಕದಲ್ಲಿ ಕೈಕೆಲಸ 8 ಗಂಟೆ, ಚಕ್ರದ ಕೆಲಸ 2 ಗಂಟೆ.

ಇಷ್ಟರಲ್ಲಿ ನಾವು ಕವರಿಗೆ ಹೊರಗಿನಿಂದ ಏನನ್ನೂ ಹಚ್ಚಿಲ್ಲ. ಹೊಳಪು ಅನ್ನುವುದು ಬಣ್ಣದ ಹಾಗೆ ಮೇಲೆ ಬಳಿಯುವ ಪದಾರ್ಥ ಅಲ್ಲವೇ ಅಲ್ಲ. ಗೀರು ತೆಗೆದೆವು, ಅಷ್ಟೇ. ಮೈ ಒರಟಾಗಿದ್ದಾಗ ಬೆಳಕು ಚೆಲ್ಲಾಪಿಲ್ಲಿಯಾಗಿ ಹೋಗುತ್ತದೆ. ಮೈ ಸಮನಾದಾಗ ಬಂದ ಹಾಗೇ ವಾಪಸು ಹೋಗುತ್ತದೆ. ಸೂರಿನ ಕೆಳಗೆ ಇದ್ದ ಆ ನಗ್ಗಿದ ಲೋಟದಲ್ಲೂ ಇದೇ ಹೊಳಪು ಇತ್ತು. ಅದನ್ನು ಉಜ್ಜಿ ನೋಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಅಷ್ಟೇ.

ಈ ಲೋಹದ ಕಥೆಯನ್ನು ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. 1884ರಲ್ಲಿ ಅಮೆರಿಕದವರು ತಮ್ಮ ರಾಜಧಾನಿಯಲ್ಲಿ ವಾಷಿಂಗ್ಟನ್ ಸ್ಮಾರಕ ಕಟ್ಟಿ ಮುಗಿಸಿದಾಗ, ಅದರ ತುತ್ತತುದಿಗೆ ಇಟ್ಟದ್ದು ಅಲ್ಯೂಮಿನಿಯಂ ಶಿಖರವನ್ನು. ಆಗ ಅದು ಹೆಚ್ಚುಕಮ್ಮಿ ಬೆಳ್ಳಿಯ ಬೆಲೆಯ ಲೋಹ. ಎರಡೇ ವರ್ಷ ಕಳೆದು 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ಯುವಕರು ಬೇರೆ ಬೇರೆಯಾಗಿಯೇ ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ದಾರಿ ಕಂಡುಹಿಡಿದರು. ಶಿಖರದಲ್ಲಿದ್ದ ಲೋಹ ಇಳಿದೂ ಇಳಿದೂ ಹೋಟಲಿನ ಹಿಂಬದಿಗೆ ಬಂತು. ಲೋಹ ಬದಲಾಯಿತೇ? ಇಲ್ಲ. ಅದರ ರೇಟು ಬದಲಾಯಿತು. ಇನ್ನೊಂದು ಮಾತು. ಅಲ್ಮೀನಿಗೆ ಗಾಳಿ ತಗುಲಿದ ಗಳಿಗೆಯೇ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ಅದು ಅಲ್ಯೂಮಿನಿಯಂ ಆಕ್ಸೈಡ್. ಸಾಹುಕಾರರು ಉಂಗುರಕ್ಕೆ ಕೂರಿಸೋ ಮಾಣಿಕ್ಯವೂ ನೀಲವೂ ಮೂಲದಲ್ಲಿ ಅದೇ ಆಕ್ಸೈಡು. ನಾವು ಉಜ್ಜೋ ಎಮರಿ ಪೇಪರಿನ ಗಟ್ಟಿ ಹರಳೂ ಅದೇ. ಉಂಗುರದಲ್ಲಿ ಕೂತರೆ ರತ್ನ, ನಮ್ಮ ಕೈಗೆ ಬಂದರೆ ಅಂಗೈ ಚರ್ಮ ಕೀಳುವ ಪೇಪರು. ಹುಟ್ಟಿನಿಂದಲೇ ಮೇಲು ಕೀಳು ಅನ್ನುವವರು ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ವಾದ ಮಾಡಲಿ, ನೋಡೋಣ.

ಈಗ ಗಿರಾಕಿಗಳ ವಿಷಯ. ಒಳ್ಳೆಯವರೂ ಬರುತ್ತಾರೆ. ಒಳಗೆ ಬಂದು ಚಾಪೆ ಮೇಲೆ ಕೂತು, ಟೀ ಕುಡಿದು, ಮಾತಾಡಿಕೊಂಡು ಹೋಗುವ ಹುಡುಗರಿದ್ದಾರೆ. ಇನ್ನು ಕೆಲವರು ಜಗಲಿ ದಾಟುವುದಿಲ್ಲ. ಕವರನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಜಗಲಿ ಮೇಲೆ ಇಟ್ಟು, "ಮಕ ಕಾಣ್ಬೇಕು ಕನ್ರಪ್ಪಾ, ಅಂಗ್ ಉಜ್ಜಬೇಕು" ಅನ್ನುತ್ತಾರೆ.

"ಒಳೀಕ್ ಬನ್ನಿ ಅಣ್ಣ, ಟೀ ಕುಡ್ಕಂಡು ಓಗಿವ್ರಂತೆ" ಅಂತ ಅವ್ವ ಕರೆಯುತ್ತಾಳೆ.

"ಬ್ಯಾಡ ಕನಮ್ಮ, ಈಗ್ ತಾನೆ ಮದ್ದೂರಲ್ಲಿ ಕುಡ್ದು ಬಂದೆ."

ಮದ್ದೂರಿನಲ್ಲಿ ಎಷ್ಟು ಟೀ ಅಂಗಡಿ ಇವೆಯೋ, ನಮ್ಮ ಮನೆಗೆ ಬರುವವರೆಲ್ಲ ಅಲ್ಲಿ ಕುಡಿದೇ ಬರುತ್ತಾರೆ. ಕೆಲಸ ಮುಗಿದ ದಿನ ಮತ್ತೆ ಬಂದು ಅದೇ ಜಗಲಿಯಲ್ಲಿ ನಿಂತು ಕವರನ್ನು ಎತ್ತಿ ಹಿಡಿಯುತ್ತಾರೆ. ಅದರಲ್ಲಿ ಮುಖ ನೋಡಿಕೊಂಡು ಮೀಸೆ ತೀಡುತ್ತಾರೆ. ನಮ್ಮ ಬೆವರು, ನಮ್ಮ ಉಗುರಿನ ಕಪ್ಪು, ನಮ್ಮ ಅಂಗೈ ತಿಕ್ಕಿದ ಮೈ ಅದು. ಅದರಲ್ಲಿ ಮುಖ ನೋಡಲು ಮೈಲಿಗೆಯಿಲ್ಲ. ನಮ್ಮ ಲೋಟಕ್ಕೆ ತುಟಿ ಇಡಲು ಮೈಲಿಗೆ. ಹೋಟಲಿನವನು ಒಂದು ಕಾಲಕ್ಕೆ ಎರಡು ಲೋಟ ಇಟ್ಟಿದ್ದ. ಇವರು ನಮ್ಮ ಮನೆಯಲ್ಲಿ ಒಂದೂ ಲೋಟ ಇಲ್ಲದ ಹಾಗೆ ಮಾಡುತ್ತಾರೆ. ಬೈಗುಳ ಇಲ್ಲ, ಗದರಿಕೆ ಇಲ್ಲ, ನಗುಮುಖವೇ. ಅದಕ್ಕೇ ಯಾವ ಕಾಯಿದೆಗೂ ಇದು ಸಿಕ್ಕುವುದಿಲ್ಲ.

ಬಫ್ ಹೊಡೆಯುವವರಿಗೆ ಒಂದು ಸಂಗತಿ ಗೊತ್ತು. ನಡುವಿನ ಒಂದು ನಂಬರು ಹಾರಿಸಿದರೆ ಪೇಪರಿನ ಹಂತದಲ್ಲಿ ಅದು ಕಾಣುವುದಿಲ್ಲ. ಎಲ್ಲ ಮುಗಿದು ಹೊಳಪು ಬಂದ ಮೇಲೆ ಆ ಹಳೇ ಗೀರು ಎದ್ದು ನಿಲ್ಲುತ್ತದೆ. ನಮ್ಮ ಊರುಗಳೂ ಈಗ ಹಾಗೇ ಇವೆ. ಕಾಂಕ್ರೀಟು ರಸ್ತೆ ಬಂತು, ಮೊಬೈಲು ಬಂತು, ಟೈಲ್ಸು ಬಂತು. ಹೊಳಪು ಏರಿದಷ್ಟೂ ಆ ಒಂದು ಗೀರು ಚೆನ್ನಾಗಿ ಕಾಣುತ್ತಿದೆ.

ಇನ್ನು ಧೂಳಿನ ಮಾತು. ಇದನ್ನು ಯಾವ ಗಿರಾಕಿಯೂ ಕೇಳುವುದಿಲ್ಲ, ನಾವೇ ಹೇಳಬೇಕು. ಚಕ್ರಕ್ಕೆ ಕೊಟ್ಟಾಗ ಹಾರುವ ಪುಡಿಯಲ್ಲಿ ಅಲ್ಮೀನಿ ಇದೆ, ಬಟ್ಟೆಯ ಜುಂಗಿದೆ, ಕಂದು ಸೋಪಿನ ಕಲ್ಲುಪುಡಿ ಇದೆ. ಆ ಕಲ್ಲುಪುಡಿಯಲ್ಲಿ ಸಿಲಿಕಾ ಇರುತ್ತದೆ. ಕಲ್ಲುಕ್ವಾರಿಯವರ ಎದೆಗೂಡನ್ನು ಕಲ್ಲು ಮಾಡುವುದೂ ಅದೇ ಸಿಲಿಕಾ. ಅಲ್ಮೀನಿ ಪುಡಿ ಸಣ್ಣದಾದಷ್ಟೂ ಬೆಂಕಿಗೆ ಹತ್ತಿರ. ಕಬ್ಬಿಣದ ತುಕ್ಕಿನ ಪುಡಿಗೆ ಅಲ್ಮೀನಿ ಪುಡಿ ಬೆರೆಸಿ ಹೊತ್ತಿಸಿದರೆ ಹುಟ್ಟುವ ಬೆಂಕಿಯಲ್ಲಿ ಕಬ್ಬಿಣವೇ ಕರಗಿ ಹರಿಯುತ್ತದೆ. ರೈಲು ಕಂಬಿ ಬೆಸೆಯಲು ಇದೇ ವಿದ್ಯೆ ಬಳಸುತ್ತಾರೆ. ಚೀನಾದ ಕುನ್‌ಶಾನ್ ಎಂಬಲ್ಲಿ ಕಾರುಗಳ ಅಲ್ಯೂಮಿನಿಯಂ ಚಕ್ರಗಳನ್ನು ಪಾಲಿಷ್ ಮಾಡುವ ಒಂದು ಕಾರ್ಖಾನೆ ಇತ್ತು. 2014ರ ಆಗಸ್ಟ್ 2ರ ಬೆಳಿಗ್ಗೆ ಅಲ್ಲಿ ಧೂಳಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. 146 ಮಂದಿ ಸತ್ತರು. ಧೂಳು ಹೀರುವ ಯಂತ್ರಗಳಲ್ಲಿ ತುಂಬಿಕೊಂಡಿದ್ದ ಪುಡಿಯನ್ನು ಹೊತ್ತಿಗೆ ಸರಿಯಾಗಿ ತೆಗೆದಿರಲಿಲ್ಲ. ಅವರೂ ನಮ್ಮ ಹಾಗೇ ದುಡಿಯುವ ಕೈಗಳು. ಅವರು ತಿಕ್ಕಿದ ಚಕ್ರಗಳು ಯಾವ ಯಾವ ದೇಶದ ರಸ್ತೆಗಳಲ್ಲೋ ಹೊಳೆಯುತ್ತಾ ಓಡಿದವು.

ನಮ್ಮ ಮನೆಗೆ ಮೋಟಾರು ತಂದ ಮೊದಲ ದಿನವೇ ಅವ್ವ ಹೇಳಿದ್ದಳು: "ಒಲೆ ಇರೋ ತಾವ ಆ ಪುಡಿ ಬ್ಯಾಡ ಕನ್ರುಲಾ, ಇತ್ತಲಲ್ಲಿ ಮಡಿಕಳ್ಳಿ." ಅವ್ವ ಚೀನಾದ ಸುದ್ದಿ ಕೇಳಿದವಳಲ್ಲ. ಆಲೆಮನೆಯಲ್ಲಿ ದುಡಿದವಳು. ಒಣಗಿದ ರಚ್ಚು ಹೇಗೆ ಭಗ್ ಅಂತ ಹತ್ತಿಕೊಳ್ಳುತ್ತದೆ ಅಂತ ಕಣ್ಣಾರೆ ಕಂಡವಳು. ಮೋಟಾರು ಹಿತ್ತಲ ಸೂರಿನಡಿ ಇದೆ. ಅದರಲ್ಲಿ ಕಬ್ಬಿಣ ಹಿಡಿಯುವುದಿಲ್ಲ. ಬೀಡಿ ಸೇದುವವರು ಆ ಕಡೆ ಸುಳಿಯುವಂತಿಲ್ಲ. ದಿನಾ ಸಂಜೆ ಪುಡಿಯನ್ನು ಗುಡಿಸಿ ತೆಗೆಯುತ್ತೇವೆ. ಒದ್ದೆ ಪುಡಿಯನ್ನು ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಡುವುದಿಲ್ಲ, ಅದರಿಂದ ಹೊತ್ತಿಕೊಳ್ಳುವ ಗಾಳಿ ಹುಟ್ಟುತ್ತದೆ. ಪಕ್ಕದಲ್ಲಿ ಒಣಮರಳಿನ ಬಕೀಟು ಇದೆ. ಅಲ್ಮೀನಿ ಬೆಂಕಿಗೆ ನೀರು ಹುಯ್ದರೆ ಇನ್ನೂ ಕೆಡುತ್ತದೆ. ಟವೆಲು ಸುತ್ತಿಕೊಂಡರೆ ಸಾಲದು ಅಂತ ಧೂಳು ತಡೆಯುವ ಮಾಸ್ಕು ತಂದಿದ್ದೇವೆ. ಅದರ ಕಾಸನ್ನು ರೇಟಿನಲ್ಲೇ ಸೇರಿಸಿದ್ದೇವೆ. "ಮಾಸ್ಕಿಗೂ ನಾನು ಕೊಡ್ಬೇಕಾ?" ಅಂತ ಒಬ್ಬರು ನಕ್ಕರು. ಹೌದು ಅಣ್ಣ, ನಿಮ್ಮ ಕವರಿನ ಧೂಳು ತಾನೆ.

ಹೊಟ್ಟೆ ಉರಿಯುವುದು ಮಕ್ಕಳನ್ನು ನೋಡಿದಾಗ. ಈ ಕೆಲಸದ ಬಹುಪಾಲು ಕೈಯಲ್ಲಿ ಉಜ್ಜುವುದು. ಅದಕ್ಕೆ ವಿದ್ಯೆ ಬೇಡ, ಕರೆಂಟು ಬೇಡ, ಸಣ್ಣ ಬೆರಳಿದ್ದರೆ ಇನ್ನೂ ಒಳ್ಳೆಯದು. ಕೂಲಿಂಗ್ ಫಿನ್ನುಗಳ ಸಂದಿಗೆ, ಉಬ್ಬಿದ ಅಕ್ಷರಗಳ ಮೂಲೆಗೆ ದೊಡ್ಡವರ ಬೆರಳು ಹೋಗುವುದಿಲ್ಲ. "ನಿಮ್ಮ ಹುಡ್ಗನ್ನ ಕೂರಿಸ್ರಲಾ, ಜಲ್ದಿ ಆಯ್ತದೆ" ಅಂತ ಗಿರಾಕಿಗಳೇ ಹೇಳಿಕೊಡುತ್ತಾರೆ. ಕೂರಿಸುವುದಿಲ್ಲ. ನಮ್ಮ ಅಪ್ಪ ಓದಬೇಕಾದ ವಯಸ್ಸಿನಲ್ಲಿ ದನ ಕಾಯ್ದ. ನಮ್ಮ ಮಕ್ಕಳು ಅದೇ ವಯಸ್ಸಿನಲ್ಲಿ ಇನ್ನೊಬ್ಬರ ಗಾಡಿಯ ಹೆಸರನ್ನು ಉಜ್ಜುತ್ತಾ ಕೂತರೆ, ದನ ಹೋಗಿ ಗಾಡಿ ಬಂತು ಅಷ್ಟೇ ಆಗುತ್ತದೆ. ಆ ಸಂದಿಗಳಿಗೆ ನಾವು ಬಿದಿರು ಕಡ್ಡಿಗೆ ಪೇಪರು ಸುತ್ತಿಕೊಳ್ಳುತ್ತೇವೆ. ನಿಧಾನ ಆಗುತ್ತದೆ, ಆಗಲಿ. ಹಳ್ಳಿ ಮೇಷ್ಟ್ರುಗಳಲ್ಲಿ ನಮ್ಮ ಬೇಡಿಕೆ ಒಂದೇ. ಹಾಜರಿ ಪುಸ್ತಕದಲ್ಲಿ ಒಂದು ಹುಡುಗನ ಹೆಸರಿನ ಮುಂದೆ ನಾಲ್ಕು ದಿನ ಸಾಲಾಗಿ ಗೈರುಹಾಜರಿ ಬಿದ್ದರೆ ಅವನ ಅಂಗೈ ನೋಡಿ. ಬೆರಳಿನ ಗೆರೆಯಲ್ಲಿ ಕಪ್ಪು ಕೂತಿದ್ದರೆ ಅವನ ಮನೆಗೆ ಹೋಗಿ ಮಾತಾಡಿ.

ಹೆಂಗಸರ ಕೂಲಿಯದೂ ಇದೇ ಪಾಡು. 8 ಗಂಟೆಯ ಕೈಕೆಲಸದಲ್ಲಿ ಹೆಚ್ಚು ಪಾಲು ಅತ್ತಿಗೆಯದು. ಚಕ್ರಕ್ಕೆ ಕೊಡುವ ಕೊನೆಯ 2 ಗಂಟೆ ಗಂಡಸರದು. ಹೊಳಪು ಹುಟ್ಟುವುದು ಆ ಕೊನೆಯ ಗಳಿಗೆಯಲ್ಲಿ ಆದ್ದರಿಂದ ಹೊಗಳಿಕೆಯೂ ದುಡ್ಡೂ ಮೋಟಾರಿನ ಮುಂದೆ ನಿಂತವನ ಜೇಬಿಗೆ ಹೋಗುತ್ತವೆ. ಜಾತಿಯೆಂದರೆ ಬರೀ ಕೆಲಸದ ವಿಂಗಡಣೆಯಲ್ಲ, ದುಡಿಯುವವರನ್ನೇ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವುದು ಅನ್ನುವುದನ್ನು ಬಾಬಾಸಾಹೇಬರು 1936ರಲ್ಲೇ ಬಿಡಿಸಿ ತೋರಿಸಿದರು. ಆ ಮೆಟ್ಟಿಲನ್ನು ನಮ್ಮ ಹಿತ್ತಲಿನಲ್ಲೇ ಕಟ್ಟಿಕೊಂಡರೆ ಊರವರನ್ನು ಕೇಳುವ ಬಾಯಿ ನಮಗೆಲ್ಲಿ? ಆದ್ದರಿಂದ ನಮ್ಮಲ್ಲಿ ಗಂಟೆ ಲೆಕ್ಕ. ಪೇಪರಿನ ಗಂಟೆಗೂ ಚಕ್ರದ ಗಂಟೆಗೂ ಒಂದೇ ಕೂಲಿ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅತ್ತಿಗೆಯೇ ಬರೆಯುತ್ತಾಳೆ.

ಜಾವಾ ಗಾಡಿಯ ಚರಿತ್ರೆ ಹೇಳುವವರು ಮಾಲೀಕರ ಹೆಸರು ಹೇಳುತ್ತಾರೆ, ಮಾಡಲ್ಲಿನ ನಂಬರು ಹೇಳುತ್ತಾರೆ, ರೇಸು ಗೆದ್ದವರ ಹೆಸರು ಹೇಳುತ್ತಾರೆ. ಯಾದವಗಿರಿಯ ಕಾರ್ಖಾನೆಯಲ್ಲಿ ಆ ಕವರುಗಳಿಗೆ ಮೊದಲ ಹೊಳಪು ಕೊಟ್ಟ ಕೈಗಳ ಹೆಸರನ್ನು ಅವರ ಬಾಯಲ್ಲಿ ನಾವು ಕೇಳಿಲ್ಲ. 1996ರಲ್ಲಿ ಬಾಗಿಲು ಹಾಕಿದಾಗ ಆ ಕೈಗಳು ಯಾವ ಕೆಲಸಕ್ಕೆ ಹೋದವು? ಮೈಸೂರಿನ ಗೆಳೆಯರು ಅಂಥವರನ್ನು ಹುಡುಕಿ, ಅವರ ಮಾತನ್ನು ಈ ಪತ್ರಿಕೆಗೆ ಬರೆದು ಕಳಿಸಬೇಕು. ಅದು ನಮ್ಮ ಚರಿತ್ರೆ. ಬೇರೆಯವರು ಬರೆಯುವುದಿಲ್ಲ.

ಈಚಿನ ಸುದ್ದಿ ಒಂದಿದೆ. ಬೆಂಗಳೂರು–ಮೈಸೂರಿನ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಗಳು ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟಿಸಿದರು. ಜನಸಾಗರ, ಹೂವು, ಬಾವುಟ ಎಲ್ಲ ಆಯಿತು. ಅಪಘಾತ ಹೆಚ್ಚಾಯಿತು ಅಂತ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಅದರ ಮುಖ್ಯ ರಸ್ತೆಯಿಂದ ದೂರ ಇಟ್ಟರು. ಜೀವ ಉಳಿಯಲಿ ಅನ್ನುವುದು ಸರಿ, ನಾವೂ ಒಪ್ಪುತ್ತೇವೆ. ಆದರೆ ಆ ರಸ್ತೆ ಯಾರ ಗದ್ದೆ ಮಗ್ಗುಲಲ್ಲಿ ಹಾದುಹೋಗುತ್ತದೋ, ಅವರ ಓಡಾಟವೆಲ್ಲ ಬೈಕು, ಆಟೋ, ಟ್ರಾಕ್ಟರಿನಲ್ಲೇ. ಗುಜರಿಯಿಂದ ಬಿಡಿ ಬಿಡಿಯಾಗಿ ತಂದು ಜೋಡಿಸಿದ ನಮ್ಮದೂ ಒಂದು ಯೆಜ್ಡಿ ಇದೆ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮದ್ದೂರಿಗೆ ಹೋಗಿ ಬರುತ್ತದೆ. ಅದರ ಕವರು ಮಾತ್ರ ಇವತ್ತಿಗೂ ಮಸಿ ಹಿಡಿದಿದೆ. ಊರವರದ್ದು ಮುಗಿಯದೆ ನಮ್ಮದಕ್ಕೆ ಹೊತ್ತು ಸಿಕ್ಕಿಲ್ಲ.

ಕೊನೆಗೆ, ನಾವು ಮಾಡಿಕೊಂಡ ಒಂದು ಕಟ್ಟಳೆ ಹೇಳಿ ನಿಲ್ಲಿಸುತ್ತೇವೆ. ಪಾಲಿಷ್ ಆದ ಕವರನ್ನು ಹೊರಗಿನ ಬಿಸಿಲಿನಲ್ಲಿ ನೋಡಿದರೆ ಎಲ್ಲವೂ ಹೊಳೆಯುತ್ತದೆ, ಉಳಿದ ಗೀರು ಕಾಣುವುದಿಲ್ಲ. ಒಳಗೆ, ಒಂದೇ ಬಲ್ಬಿನ ಕೆಳಗೆ, ಓರೆಯಾಗಿ ಹಿಡಿದು ನೋಡಿದರೆ ಮಾತ್ರ ಕೆಲಸ ಸರಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಇದು ಕಸುಬಿನ ಮಾತು, ಜಗಳದ ಮಾತಲ್ಲ. ಅದಕ್ಕೇ ಬಾಗಿಲ ಪಕ್ಕ ರೇಟಿನ ಕೆಳಗೆ ಬರೆಸಿದ್ದೇವೆ: ಮಾಲನ್ನು ಮನೆಯೊಳಗೆ ಬಂದು ನೋಡಿ ತೆಗೆದುಕೊಳ್ಳಬೇಕು, ಜಗಲಿ ಮೇಲೆ ಕೊಡುವುದಿಲ್ಲ. ಇಬ್ಬರು ಗಿರಾಕಿಗಳು ಬರುವುದನ್ನೇ ಬಿಟ್ಟರು. ಮೂವರು ಒಳಗೆ ಬಂದರು. ಅವರಲ್ಲಿ ಒಬ್ಬರು ಬಲ್ಬಿನ ಕೆಳಗೆ ಕವರು ನೋಡುತ್ತಾ ನೋಡುತ್ತಾ ಗೋಡೆಯ ಮೇಲಿನ ಅತ್ತಿಗೆಯ ಲೆಕ್ಕ ಓದಿ, ಒಟ್ಟು ಎಷ್ಟು ಗಂಟೆಯಾಯಿತು ಅಂತ ತಾವೇ ಕೂಡಿದರು.